ಹಳೇ ಗಿಟಾರ್‌ನ ಬಣ್ಣ ಎದ್ದಿದೆ, ಏನು ಮಾಡಲಿ?

ಪ್ರಶ್ನೆ: ಚಿಕ್ಕಪ್ಪ ನನಗೆ ಅವರ ಹಳೇ ಎಲೆಕ್ಟ್ರಿಕ್ ಗಿಟಾರ್ ಕೊಟ್ಟಿದ್ದಾರೆ. 1966ರದ್ದು ಅಂತಾರೆ. ಒಳಗೆ ವಾಲ್ಯೂಮ್ ಪಾಟ್ (ಸದ್ದು ಏರಿಳಿಸುವ ತಿರುಗುಗುಂಡಿಯ ಕೆಳಗಿನ ಬಿಡಿಭಾಗ) ಮೇಲೆ 1376633 ಅಂತ ಒತ್ತಿದ್ದಾರೆ. ಅಂಚಿನಲ್ಲಿ ಕಿರುಬೆರಳಿನ ಉಗುರಿನಷ್ಟು ಬಣ್ಣ ಎದ್ದು ಮರ ಕಾಣುತ್ತಿದೆ, ಮೈಮೇಲೆಲ್ಲ ಕೂದಲೆಳೆಯಂಥ ಬಿರುಕು. ಪೂರ್ತಿ ಕೆರೆಸಿ ಹೊಸ ಬಣ್ಣ ಹೊಡೆಸಿಬಿಡಲಾ?

ಉತ್ತರ: ಬೇಡ, ದಯವಿಟ್ಟು ಬೇಡ. ಇಷ್ಟು ವರ್ಷ ಉಳಿದುಬಂದ ಮೂಲ ಬಣ್ಣ ಒಮ್ಮೆ ಹೋದರೆ ಹೋಯ್ತು. ಮರುಬಣ್ಣ ಹೊಡೆದ ಹಳೇ ಗಿಟಾರ್‌ಗೆ ಕೊಳ್ಳುವವರು ಸಾಮಾನ್ಯವಾಗಿ ಅರ್ಧ ಬೆಲೆ ಕಟ್ಟುತ್ತಾರೆ.

ಚಿಕ್ಕಪ್ಪ ಹೇಳಿದ್ದಕ್ಕೂ ಆ ಸಂಖ್ಯೆಗೂ ತಾಳೆಯಾಗುತ್ತದೆ. 137 ಅಂದರೆ ಪಾಟ್ ತಯಾರಿಸಿದ ಸಿಟಿಎಸ್ ಕಂಪನಿ, 66 ವರ್ಷ, 33 ಆ ವರ್ಷದ ವಾರ. ಆಗಸ್ಟ್ ನಡುವಿನ ಪಾಟ್ ಅದು. ಅದು ಮೊದಲಿನದೇ ಆಗಿದ್ದರೆ ಗಿಟಾರ್ ಜೋಡಿಸಿದ್ದು ಅದಾದ ಮೇಲೆಯೇ. ಅಲ್ಲಿನ ಬೆಸುಗೆ ಮಾತ್ರ ಬಿಚ್ಚಬೇಡಿ, ಅದೂ ಗಿಟಾರ್‌ನ ವಯಸ್ಸಿಗೆ ಸಾಕ್ಷಿ.

ಇನ್ನು ಬಣ್ಣ. ಆ ಕಾಲದ ಫೆಂಡರ್, ಗಿಬ್ಸನ್ ಕಂಪನಿಗಳ ಗಿಟಾರ್‌ಗಳ ಮೇಲ್ಪದರ ಹೆಚ್ಚಾಗಿ ನೈಟ್ರೋಸೆಲ್ಯುಲೋಸ್ ಲ್ಯಾಕರ್, ಅಂದರೆ ಥಿನ್ನರ್‌ಗೆ ಕರಗುವ ತೆಳು ಹೊಳಪು ಲೇಪ. 1960ರ ದಶಕದ ಕೊನೆಗೆ ಫೆಂಡರ್ ದಪ್ಪ ಪಾಲಿಯೆಸ್ಟರ್‌ (ಚಿಕ್ಕದಾಗಿ ಪಾಲಿ) ಲೇಪಕ್ಕೆ ಹೊರಳಿತು. ನಿಮ್ಮದು ಯಾವುದು ಅಂತ ಮೊದಲು ನೋಡಿಕೊಳ್ಳಿ: ಪಿಕ್‌ಗಾರ್ಡ್ (ತಂತಿಗಳ ಕೆಳಗೆ ಮೈಗೆ ಸ್ಕ್ರೂ ಹಾಕಿದ ತಗಡು) ತೆಗೆದು, ಯಾರಿಗೂ ಕಾಣದ ಜಾಗದಲ್ಲಿ ಹತ್ತಿಕಡ್ಡಿಗೆ ಒಂದೇ ತೊಟ್ಟು ಲ್ಯಾಕರ್ ಥಿನ್ನರ್ ಹಾಕಿ ಮುಟ್ಟಿಸಿ. ಮೇಲ್ಮೈ ಅಂಟಂಟಾದರೆ ಲ್ಯಾಕರ್. ಏನೂ ಆಗದಿದ್ದರೆ ಪಾಲಿ.

ಬಿರುಕುಗಳನ್ನು ಹಾಗೇ ಬಿಡಿ. ವರ್ಷ ಕಳೆದಂತೆ ಲ್ಯಾಕರ್ ಗಡುಸಾಗುತ್ತದೆ, ಚಳಿ ಬಿಸಿಲಿಗೆ ಮರ ಕುಗ್ಗಿ ಹಿಗ್ಗುವಾಗ ಅದರ ಜೊತೆ ಬಗ್ಗಲಾಗದೆ ಸೀಳುತ್ತದೆ, ಅಷ್ಟೇ. ನನ್ನ ಕಣ್ಣಿಗೆ ಅದು ಚೆಂದವೇ. ಜಾಸ್ತಿ ಆಗಬಾರದು ಅಂದರೆ, ತಣ್ಣನೆ ಜಾಗದಿಂದ ತಂದ ಕೇಸನ್ನು ತಕ್ಷಣ ತೆರೆಯದೆ ಕೆಲವು ಗಂಟೆ ಮುಚ್ಚಿಯೇ ಇಡಿ.

ಬಣ್ಣ ಎದ್ದುಹೋದ ಜಾಗವನ್ನು ಮಾತ್ರ ತುಂಬಿಸಬಹುದು, ಯಾಕಂದ್ರೆ ಅದರ ಅಂಚು ಬಟ್ಟೆಗೆ ಸಿಕ್ಕಿ ಇನ್ನೂ ಏಳುತ್ತದೆ. ನ್ಯಾಫ್ತಾದಲ್ಲಿ (ಪೆಟ್ರೋಲಿಯಂನಿಂದ ಬರುವ ದ್ರಾವಕ) ಒರೆಸಿ ಜಿಡ್ಡು ತೆಗೆಯಿರಿ. ಸಿಲಿಕೋನ್ ಇರುವ ಪಾಲಿಶ್ ಹತ್ತಿರಕ್ಕೂ ತರಬೇಡಿ, ಅದು ತಾಗಿದ ಕಡೆ ಹೊಸ ಲ್ಯಾಕರ್ ಗುಳಿಗುಳಿಯಾಗಿ ನಿಲ್ಲುತ್ತದೆ. ಮರದ ಮೇಲೆ ತೆಳ್ಳಗೆ ಬಣ್ಣ ಹಚ್ಚಿ. ಇಲ್ಲಿ ಹಳೇ ಬಣ್ಣಕ್ಕೆ ಹೊಂದಿಸುವುದೇ ಕಷ್ಟದ ಕೆಲಸ, ಮೇಲಿನ ಲ್ಯಾಕರ್ ಹಳದಿ ತಿರುಗಿರುವುದರಿಂದ ಬಿಳಿ ಅಂದುಕೊಂಡಿದ್ದು ಬಿಳಿಯಾಗಿ ಉಳಿದಿರುವುದಿಲ್ಲ, ಅಲ್ವಾ? ಬಣ್ಣ ಒಣಗಿದ ಮೇಲೆ ಸಣ್ಣ ಕುಂಚದ ತುದಿಯಲ್ಲಿ ಒಂದು ಹನಿ ಲ್ಯಾಕರ್, ಗುಂಡಿಯೊಳಗೆ ಮಾತ್ರ. ಹಳೆಯದನ್ನು ಸ್ವಲ್ಪ ಕರಗಿಸಿ ಅದರ ಜೊತೆ ಬೆರೆಯುತ್ತದೆ. ರಾತ್ರಿಯಿಡೀ ಒಣಗಲು ಬಿಡಿ, ತಗ್ಗುತ್ತದೆ, ಮತ್ತೊಂದು ಹನಿ. ಸುತ್ತಲಿಗಿಂತ ಕೂದಲಷ್ಟು ಎತ್ತರ ಬರುವವರೆಗೂ ಹೀಗೇ.

ಆಮೇಲೆ ಮೂರು ನಾಲ್ಕು ವಾರ ಮುಟ್ಟಬೇಡಿ. ನಾನು ಮೊದಲ ಸಲ ಒಂದೇ ವಾರಕ್ಕೆ ಉಜ್ಜಿದ್ದೆ, ತಿಂಗಳು ತುಂಬುವಷ್ಟರಲ್ಲಿ ಅಲ್ಲಿ ಗುಳಿ ಬಿದ್ದಿತ್ತು. ಕಾದ ಮೇಲೆ ಒಂದು ಬ್ಲೇಡಿನ ಎರಡೂ ತುದಿಗೆ ಟೇಪ್ ಸುತ್ತಿ, ನಡುವಿನ ಅಂಚು ಮಾತ್ರ ಬಿಟ್ಟು, ನಿಧಾನವಾಗಿ ಕೆರೆಯಿರಿ. ಟೇಪಿನ ದಪ್ಪ ಹಳೇ ಮೇಲ್ಮೈಯನ್ನು ಕಾಯುತ್ತದೆ, ಉಬ್ಬಿದ್ದು ಮಾತ್ರ ಪುಡಿಯಾಗಿ ಬರುತ್ತದೆ. ಕೊನೆಗೆ 1500, 2000 ನಂಬರಿನ ನುಣುಪು ಸ್ಯಾಂಡ್‌ಪೇಪರ್, ಆಮೇಲೆ ಪಾಲಿಶ್. ನೀರು ಹಚ್ಚಿ ಉಜ್ಜುವುದಾದರೆ ಸ್ಕ್ರೂ ತೂತುಗಳ ಹತ್ತಿರ ನೀರು ಬಳಸಬೇಡಿ, ಮರ ಉಬ್ಬಿ ಹೊಸ ಬಿರುಕು ಬರುತ್ತದೆ.

ಪಾಲಿ ಆಗಿದ್ದರೆ ಲ್ಯಾಕರ್ ಬೆರೆಯುವುದಿಲ್ಲ, ಅದರ ಬದಲು ಸೂಪರ್‌ಗ್ಲೂ ಹನಿ ಹಾಕಿ. ಇಷ್ಟು ಕಾಯುವ ಅಗತ್ಯವಿಲ್ಲ, ಕೆರೆಯೋದು ಹಾಗೇ. ಎರಡಕ್ಕೂ ಕಿಟಕಿ ತೆರೆದಿರಲಿ, ಮುಖಕ್ಕೆ ಮಾಸ್ಕ್ ಇರಲಿ, ಹತ್ತಿರದಲ್ಲಿ ಬೆಂಕಿ ಬೇಡವೇ ಬೇಡ.

ಇನ್ನೊಂದು, ನಿಮ್ಮದು ಲ್ಯಾಕರ್ ಅಂತಾದರೆ ಇವತ್ತೇ ಸ್ಟ್ಯಾಂಡ್ ನೋಡಿ. ಅದರ ರಬ್ಬರ್ ತಾಗಿದಲ್ಲಿ ಲ್ಯಾಕರ್ ಮೆತ್ತಗಾಗಿ ಕಲೆ ಕೂರುತ್ತದೆ. ಅಲ್ಲಿಗೆ ಹತ್ತಿ ಬಟ್ಟೆ ಸುತ್ತಿ.