ಪ್ರಾಂಗ್‌ಹಾರ್ನ್ ಯಾರಿಗೆ ಹೆದರಿ ಓಡುತ್ತದೆ?

ಪ್ರಶ್ನೆ: ಅಮೆರಿಕದಲ್ಲೂ ಒಂದು ಕಾಲಕ್ಕೆ ಚೀತಾ ಇತ್ತು, ಅಲ್ಲಿನ ಪ್ರಾಂಗ್‌ಹಾರ್ನ್ ಎಂಬ ಜಿಂಕೆಯಂಥ ಪ್ರಾಣಿ ಓಟ ಕಲಿತದ್ದೇ ಅದರಿಂದ ಎಂದು ಒಂಬತ್ತನೆಯ ತರಗತಿಯ ನನ್ನ ಮಗ ವಾದಿಸುತ್ತಾನೆ. ಚೀತಾ ಆಫ್ರಿಕಾದ್ದಲ್ಲವೇ? ಅಲ್ಲಿಗೆ ಹೇಗೆ ಹೋಯಿತು?
– ಓದುಗರೊಬ್ಬರು, ಮಧುಗಿರಿ

ಉತ್ತರ: ನಿಮ್ಮ ಮಗನಿಗೆ ಮುಕ್ಕಾಲು ಅಂಕ ಕೊಡಿ ತಾಯೀ. ಕಾಲಂಕ ಹೋಗುವುದು ನೆಂಟಸ್ತಿಕೆಯ ಲೆಕ್ಕದಲ್ಲಿ.

ಅವನು ಚೀತಾ ಎನ್ನುತ್ತಿರುವ ಪ್ರಾಣಿ ಮಿರಾಸಿನೋನಿಕ್ಸ್ ಎಂಬ, ಬೆಕ್ಕಿನ ಕುಲದ ಬೇಟೆಗಾರ. ಹಿಮಯುಗದ ಕೊನೆಯಲ್ಲಿ, ಸುಮಾರು 12–13 ಸಾವಿರ ವರ್ಷಗಳ ಹಿಂದೆ ಅಳಿಯಿತು. ವಯೋಮಿಂಗ್ ರಾಜ್ಯದಲ್ಲಿ ನ್ಯಾಚುರಲ್ ಟ್ರ್ಯಾಪ್ ಎಂಬ ಗುಹೆಯಿದೆ. ನೆಲದಲ್ಲೊಂದು ಕಂಡಿ, ಕೆಳಗೆ ಹತ್ತಿರ ಹತ್ತಿರ 25 ಮೀಟರ್ ಆಳ. ಬಿದ್ದದ್ದು ಮೇಲೆ ಬರುವಂತಿಲ್ಲ. ಅಲ್ಲಿನ ಎಲುಬಿನ ರಾಶಿಯಲ್ಲಿ ಇದರದ್ದೂ ಸಿಕ್ಕಿವೆ. ಗಿಡ್ಡ ಮುಖ, ಏದುಸಿರಿಗೆ ಅನುಕೂಲವಾದ ಅಗಲ ಮೂಗು, ನೀಳ ಕಾಲು: ಯಾರು ನೋಡಿದರೂ ಚೀತಾ ಎನ್ನಬೇಕು. ಆದರೆ 2005ರಲ್ಲಿ ಹಳೆಯ ಎಲುಬಿನ ಡಿಎನ್‌ಎ ನೋಡಿದಾಗ ತಿಳಿದದ್ದು, ಇದು ಅಲ್ಲಿನ ಪ್ಯೂಮಾ ಎಂಬ ದೊಡ್ಡ ಕಾಡುಬೆಕ್ಕಿಗೆ ಹತ್ತಿರದ ದಾಯಾದಿ, ಚೀತಾಗೆ ದೂರದ ನೆಂಟ. ಆಫ್ರಿಕಾದ ಚೀತಾ ಅಲ್ಲಿಗೆ ಹೋಗಲೇ ಇಲ್ಲ. ಬಯಲಿನಲ್ಲಿ ಅಟ್ಟಿ ಹಿಡಿಯುವ ಬದುಕು ಎರಡಕ್ಕೂ ಬೇರೆ ಬೇರೆಯಾಗಿಯೇ ಒಂದು ತೆರನಾದ ಮೈಕಟ್ಟು ಕೊಟ್ಟಿತು.

ಇನ್ನು ಓಟ. ಪ್ರಾಂಗ್‌ಹಾರ್ನ್ ಗಂಟೆಗೆ 85 ಕಿಲೋಮೀಟರಿಗೂ ಮಿಗಿಲಾಗಿ ಓಡಬಲ್ಲದು. ಇಂದಿನ ಅಮೆರಿಕದ ತೋಳವಾಗಲಿ, ಅದಕ್ಕಿಂತ ಸಣ್ಣದಾದ ಅದರ ನೆಂಟ ಕಯೋಟಿಯಾಗಲಿ ಅದರ ಹತ್ತಿರಕ್ಕೂ ಬರಲಾರವು. ಮತ್ತೇಕೆ ಅಷ್ಟು ವೇಗ? ಅಳಿದುಹೋದ ಬೇಟೆಗಾರರ ಭಯ ಕಾಲಿನಲ್ಲಿ ಉಳಿದಿದೆ ಎಂಬುದು ಜಾನ್ ಬಯರ್ಸ್ ಎಂಬ ಜೀವವಿಜ್ಞಾನಿಯ ವಾದ. ನಿಮ್ಮ ಮಗ ಓದಿರುವುದು ಇದನ್ನೇ ಇರಬೇಕು. ಸೊಗಸಾದ ವಾದ, ಸೊಗಸು ಹೆಚ್ಚಾದಾಗ ನನಗೆ ಸ್ವಲ್ಪ ಅನುಮಾನ. 2022ರಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಗುಹೆಗಳ ಪಳೆಯುಳಿಕೆಗಳನ್ನು ಅಧ್ಯಯನ ಮಾಡಿದವರು, ಮಿರಾಸಿನೋನಿಕ್ಸ್ ಹಿಮಚಿರತೆಯಂತೆ ಕಡಿದಾದ ಬಂಡೆಗಳ ನಡುವೆ ಕಾಡುಮೇಕೆಗಳನ್ನೂ ಹಿಡಿದಿರಬಹುದು ಎಂದಿದ್ದಾರೆ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ದಿನಾ ನೋಡುವವರಿಗೆ ಬಂಡೆಯ ಮೇಲಿನ ಬೇಟೆ ಬಯಲಿನ ಓಟದಂತಲ್ಲ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕಕ್ಕೆ ಹೋಗುವ ಮೊದಲು ಮೈದನಹಳ್ಳಿಗೆ ಹೋಗಿ, ನಿಮ್ಮದೇ ತಾಲ್ಲೂಕು. ಬೆಳಿಗ್ಗೆ ಹುಲ್ಲುಗಾವಲಿನಲ್ಲಿ ಬೀದಿನಾಯಿ ಸುಳಿದರೆ ಸಾಕು, ಕೃಷ್ಣಮೃಗಗಳು ಮೊದಲು ನಾಲ್ಕೂ ಕಾಲೆತ್ತಿ ನೆಗೆದು ಆಮೇಲೆ ಓಟ ಕೀಳುತ್ತವೆ. ಅವು ಬೆಳೆದು ಬಂದದ್ದು ನಿಜವಾದ ಚೀತಾ ಇದ್ದ ದೇಶದಲ್ಲಿ. ಭಾರತದಲ್ಲಿ ಅದು ಅಳಿದಿದೆ ಎಂದು ಸರ್ಕಾರ 1952ರಲ್ಲಿ ಘೋಷಿಸಿತು. ಬಯರ್ಸ್ ಕೇಳಿದ ಪ್ರಶ್ನೆಯನ್ನು ನಿಮ್ಮ ಮಗ ಅಲ್ಲಿ ನಿಂತು ಕೇಳಲಿ.