ಓದುಗರ ಪ್ರಶ್ನೆ: ಇಸ್ಫಹಾನ್, ಪ್ಯಾರಿಸ್ ಮತ್ತು ನಡುವಿನ ಐದು ತಿಂಗಳು

ಪ್ರಶ್ನೆ: ಮಾಂಟೆಸ್ಕ್ಯೂನ ‘ಪರ್ಷಿಯನ್ ಪತ್ರಗಳು’ ಕೃತಿಯ ಉಜ್ಬೆಕ್ ಮತ್ತು ರಿಕಾ ನಿಜವಾಗಿಯೂ ಫ್ರಾನ್ಸಿಗೆ ಹೋಗಿದ್ದವರೇ?

ಉತ್ತರ: ಅಲ್ಲ, ಇಬ್ಬರೂ ಕಲ್ಪಿತ ಪಾತ್ರಗಳು. ಫ್ರೆಂಚ್ ಲೇಖಕ ಮಾಂಟೆಸ್ಕ್ಯೂ ಕಾಗದಗಳ ರೂಪದಲ್ಲೇ ಬರೆದ ಕಾದಂಬರಿ ಇದು; ಪರ್ಷಿಯಾದ (ಇಂದಿನ ಇರಾನ್) ಇಸ್ಫಹಾನಿನಿಂದ ಪ್ಯಾರಿಸಿಗೆ ಹೋದ ಇವರಿಬ್ಬರೂ ಊರಿನವರೂ ಬರೆದುಕೊಳ್ಳುವ ಕಾಗದಗಳು ಅದರಲ್ಲಿವೆ. ಪುಸ್ತಕ 1721ರಲ್ಲಿ ಲೇಖಕನ ಹೆಸರಿಲ್ಲದೆ ಹೊರಬಂತು. ಅಚ್ಚಾದದ್ದು ಆಮ್‌ಸ್ಟರ್‌ಡ್ಯಾಮಿನಲ್ಲಿ, ಮುಖಪುಟದಲ್ಲಿದ್ದದ್ದು ಮಾತ್ರ ಕಲೋನ್ ಊರಿನ ಒಬ್ಬ ಹುಸಿ ಪ್ರಕಾಶಕನ ಹೆಸರು. ಮಾಂಟೆಸ್ಕ್ಯೂ ಪರ್ಷಿಯಾ ಕಂಡವನಲ್ಲ. ಶಾರ್ದಾನ್, ತಾವೆರ್ನಿಯೆ ಎಂಬ ಫ್ರೆಂಚ್ ಪ್ರವಾಸಿಗಳು ಬರೆದದ್ದೇ ಅವನಿಗೆ ಆಧಾರ. ಆದರೂ ದಾರಿಯನ್ನು ಅವನು ಮನಬಂದಂತೆ ಹಾಕಿಲ್ಲ. ಇಸ್ಫಹಾನ್, ಖೋಮ್, ತಬ್ರೀಜ್, ಎರ್ಜುರುಮ್, ತೊಕಾತ್, ಸ್ಮಿರ್ನಾ, ಅಲ್ಲಿಂದ ಹಡಗಿನಲ್ಲಿ ಲಿವೊರ್ನೊ, ಕೊನೆಗೆ ಪ್ಯಾರಿಸ್: ಭೂಪಟದ ಮೇಲೆ ಬೆರಳಿಟ್ಟು ಹಿಂಬಾಲಿಸಬಹುದು. 1715ರ ಫೆಬ್ರವರಿಯಲ್ಲಿ ಮೊಹಮ್ಮದ್ ರೆಜಾ ಬೇಗ್ ಎಂಬ ನಿಜವಾದ ಪರ್ಷಿಯನ್ ರಾಯಭಾರಿ ವರ್ಸೈಲ್ಸ್ ಅರಮನೆಗೆ ಬಂದಿದ್ದ. 91ನೇ ಕಾಗದದಲ್ಲಿರುವುದು ಅವನ ಸುದ್ದಿಯೇ.

ಪ್ರಶ್ನೆ: ಕಾಗದಗಳ ತಾರೀಖು ತಲೆಕೆಡಿಸುತ್ತಿದೆ. ತಿಂಗಳು ‘ರಜಬ್’, ವರ್ಷ ‘1715’! ಹಿಜರಿ ಪಟ್ಟಿ (ಮುಸ್ಲಿಮರ ಪಂಚಾಂಗ) ಹಿಡಿದು ನೋಡಿದರೆ ಲೆಕ್ಕ ಕೂಡುವುದಿಲ್ಲ. ಇನ್ನೊಂದು: ಜನಾನಾದ, ಅಂದರೆ ಇಸ್ಫಹಾನಿನಲ್ಲಿರುವ ಉಜ್ಬೆಕ್‌ನ ಹೆಂಡಿರ ಅಂತಃಪುರದ, ಕಾಗದಗಳನ್ನು ಬಿಟ್ಟು ಪ್ಯಾರಿಸಿನವುಗಳನ್ನಷ್ಟೇ ಓದಿದರೆ ಸಾಲದೇ?

ಉತ್ತರ: ಹಿಜರಿ ಪಟ್ಟಿ ಬದಿಗಿಡಿ, ತಪ್ಪಾಗುತ್ತಿರುವುದು ಅಲ್ಲೇ. ಚಾಂದ್ರಮಾನದ ಹಿಜರಿ ವರ್ಷ ಸೌರಮಾನಕ್ಕಿಂತ ಸುಮಾರು 11 ದಿನ ಚಿಕ್ಕದು, ಹಾಗಾಗಿ ಅದರ ತಿಂಗಳುಗಳು ಋತುಗಳ ಮೇಲೆ ಜಾರುತ್ತಾ ಹೋಗುತ್ತವೆ. ಮಾಂಟೆಸ್ಕ್ಯೂ ಆ ಹೆಸರುಗಳನ್ನು ಮಾತ್ರ ತೆಗೆದುಕೊಂಡು ಯುರೋಪಿನ ತಿಂಗಳುಗಳಿಗೆ ಶಾಶ್ವತವಾಗಿ ಅಂಟಿಸಿಬಿಟ್ಟ. ಮೊಹರಂ ಎಂದರೆ ಮಾರ್ಚ್, ಸಫರ್ ಏಪ್ರಿಲ್, ಎರಡು ರಬೀಗಳು ಮೇ ಮತ್ತು ಜೂನ್, ಎರಡು ಜುಮಾದಾಗಳು ಜುಲೈ ಮತ್ತು ಆಗಸ್ಟ್, ರಜಬ್ ಸೆಪ್ಟೆಂಬರ್, ಶಾಬಾನ್ ಅಕ್ಟೋಬರ್, ರಮಜಾನ್ ನವೆಂಬರ್, ಶವ್ವಾಲ್ ಡಿಸೆಂಬರ್, ಜಿಲ್ಕಾದ್ ಜನವರಿ, ಜಿಲ್ಹಜ್ ಫೆಬ್ರವರಿ. ಇದು ಸರಿಯೇ ಎಂದು 92ನೇ ಕಾಗದದಲ್ಲಿ ಪರೀಕ್ಷಿಸಿ. ಫ್ರಾನ್ಸಿನ ದೊರೆ ತೀರಿಕೊಂಡ ಸುದ್ದಿ ಅದರಲ್ಲಿದೆ, ತಾರೀಖು 1715ರ ರಜಬ್ 4. ಹದಿನಾಲ್ಕನೇ ಲೂಯಿ ಸತ್ತದ್ದು 1715ರ ಸೆಪ್ಟೆಂಬರ್ 1ರಂದು.

ಇಲ್ಲಿ ಕೊಡುತ್ತಿರುವ ಸಂಖ್ಯೆಗಳು 161 ಕಾಗದಗಳಿರುವ ಆವೃತ್ತಿಯವು. ಮೊದಲ ಮುದ್ರಣದಲ್ಲಿದ್ದದ್ದು 150 ಮಾತ್ರ. ನಿಮ್ಮ ಪ್ರತಿ ಅದನ್ನು ಅನುಸರಿಸಿದ್ದರೆ ಸಂಖ್ಯೆ ಹೊಂದುವುದಿಲ್ಲ, ತಾರೀಖು ನೋಡಿ ಹುಡುಕಿ.

ಜನಾನಾದ ಕಾಗದಗಳನ್ನು ದಯವಿಟ್ಟು ಬಿಡಬೇಡಿ, ಪುಸ್ತಕದ ಪ್ರಾಣ ಇರುವುದೇ ಅವುಗಳಲ್ಲಿ. 147ರಿಂದ 161ರವರೆಗಿನವನ್ನು ತಾರೀಖಿನ ಜೊತೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. 1717ರ ಸೆಪ್ಟೆಂಬರ್ 1ರಂದು ಹಿರಿಯ ನಪುಂಸಕ ಕಾವಲುಗಾರ ಇಸ್ಫಹಾನಿನಿಂದ ದೂರು ಬರೆಯುತ್ತಾನೆ: ಮಸೀದಿಗೆ ಹೋಗುವಾಗ ಉಜ್ಬೆಕ್‌ನ ಹೆಂಡತಿ ಜೆಲಿಸ್ ಮುಸುಕು ಜಾರಿಸಿದಳು, ತೋಟದಲ್ಲಿ ಸಿಕ್ಕ ಹುಡುಗನೊಬ್ಬ ಗೋಡೆ ಹಾರಿ ಓಡಿದ. ಉಜ್ಬೆಕ್ ಉತ್ತರಿಸುವುದು 1718ರ ಫೆಬ್ರವರಿ 11ರಂದು. ಇಡೀ ಜನಾನಾದ ಮೇಲೆ ಅವನಿಗೆ ಮಿತಿಯಿಲ್ಲದ ಅಧಿಕಾರ ಕೊಡುತ್ತಾನೆ. ಆ ಅಪ್ಪಣೆ ತಲುಪುವ ಹೊತ್ತಿಗೆ ಕಾವಲುಗಾರ ಸತ್ತು ಎರಡು ದಿನವಾಗಿರುತ್ತದೆ. ಮುದಿ ಗುಲಾಮ ನಾರ್ಸಿತ್ ಜುಲೈ 5ರಂದು ಬರೆಯುತ್ತಾನೆ: ಕಾಗದ ಅವನ ಹೆಸರಿಗಿತ್ತು, ನಾನು ಒಡೆಯಲಿಲ್ಲ, ಮರ್ಯಾದೆಯಿಂದ ಸುತ್ತಿ ಬೀಗ ಹಾಕಿಟ್ಟಿದ್ದೇನೆ. ಇದನ್ನು ಓದಿ ಉಜ್ಬೆಕ್ ಸಿಡಿದೇಳುವುದು ಡಿಸೆಂಬರ್ 25ಕ್ಕೆ. ಒಂದು ಕಾಗದ ಹೋಗಲು ಐದು ತಿಂಗಳು, ಮಾರುತ್ತರ ಬರಲು ಇನ್ನೈದು. ದೂರದಿಂದ ನಡೆಸುವ ದರ್ಬಾರು ಕುಸಿಯುವುದು ಈ ಸಂದಿನಲ್ಲೇ.

ಈಗ ಅದೇ ಹಾಳೆಯಲ್ಲಿ 114ನೇ ಕಾಗದವನ್ನೂ ಸೇರಿಸಿ, 1718ರ ಅಕ್ಟೋಬರಿನದು. ಬಹುಪತ್ನಿತ್ವ ಮತ್ತು ನಪುಂಸಕರ ಕಾವಲು ಜನಸಂಖ್ಯೆಯನ್ನು ಕುಗ್ಗಿಸುತ್ತವೆ ಎಂದು ಅಲ್ಲಿ ಶಾಂತವಾಗಿ ವಾದಿಸುವವನು ಇದೇ ಉಜ್ಬೆಕ್! ಪುಟದ ಕ್ರಮದಲ್ಲಿ ಓದಿದವರಿಗೆ ಈ ಎರಡು ಮುಖ ಒಟ್ಟಿಗೆ ಕಾಣುವುದಿಲ್ಲ. 146ನೇ ಕಾಗದ 1720ರ ನವೆಂಬರಿನದು, ಅದರ ಮುಂದಿನದು ಮೂರು ವರ್ಷ ಹಿಂದಕ್ಕೆ ಜಿಗಿಯುತ್ತದೆ. ಇನ್ನೊಬ್ಬ ಹೆಂಡತಿ ರೊಕ್ಸಾನಾಳ ಕಡೆಯ ಕಾಗದ 1720ರ ಮೇ 8ರದು. ಅದನ್ನು ಬೇಗ ಮುಗಿಸಬೇಡಿ.

ಪ್ರಶ್ನೆ: ನಿಜವಾದ ಪ್ರವಾಸಿಗಳು ಪರ್ಷಿಯನ್ ಭಾಷೆಯಲ್ಲಿ ಯುರೋಪಿನ ಬಗ್ಗೆ ಬರೆದದ್ದು ಇದೆಯೇ?

ಉತ್ತರ: ಧಾರಾಳವಾಗಿ ಇದೆ, ಆದರೆ ಹೆಚ್ಚಿನವು ಸಫರ್‌ನಾಮಾಗಳು, ಅಂದರೆ ಪ್ರವಾಸ ಕಥನಗಳು. ಲಖನೌದಲ್ಲಿ ಹುಟ್ಟಿದ ಮಿರ್ಜಾ ಅಬು ತಾಲಿಬ್ ಖಾನನಿಂದ ಶುರುಮಾಡಿ. 1799ರಲ್ಲಿ ಕಲ್ಕತ್ತಾದಿಂದ ಹೊರಟು 1803ರಲ್ಲಿ ಮರಳಿದವನು. ಆಂಗ್ಲರ ಗುಣಗಳನ್ನು ಹೊಗಳಿದ ಮೇಲೆ ಅವರ ದೋಷಗಳನ್ನೂ ಎಣಿಸುತ್ತಾನೆ. ಅನ್ಯರ ಆಚಾರಗಳನ್ನು ಹೀಗಳೆಯುವುದು ಅವುಗಳಲ್ಲೊಂದು. ಏಷ್ಯಾದ ಹೆಂಗಸರಿಗೆ ಸ್ವಾತಂತ್ರ್ಯ ಇದ್ದೇ ಇದೆ ಎಂದು ಸಮರ್ಥಿಸಿ ಅವನು ಬರೆದ ಪ್ರಬಂಧವನ್ನು ಉಜ್ಬೆಕ್‌ನ ಕಾಗದಗಳ ಪಕ್ಕದಲ್ಲೇ ಓದಬೇಕು. ಸಂಸ್ಥೆಗಳು ಹೇಗೆ ನಡೆಯುತ್ತವೆ ಎಂಬ ಕುತೂಹಲವಿದ್ದರೆ ಮಿರ್ಜಾ ಸಾಲೇಹ್ ಶಿರಾಜಿ. 1815ರಲ್ಲಿ ಪರ್ಷಿಯಾದ ಯುವರಾಜ ಅಬ್ಬಾಸ್ ಮಿರ್ಜಾ ಇಂಗ್ಲೆಂಡಿಗೆ ಕಳಿಸಿದ ವಿದ್ಯಾರ್ಥಿಗಳಲ್ಲಿ ಒಬ್ಬ. ಮುದ್ರಣ ಕಲಿತು, 1819ರಲ್ಲಿ ಅಚ್ಚಿನ ಯಂತ್ರದೊಂದಿಗೆ ವಾಪಸಾಗಿ, 1837ರಲ್ಲಿ ಟೆಹರಾನಿನಲ್ಲಿ ಪತ್ರಿಕೆಯನ್ನೇ ಹೊರಡಿಸಿದ.

ಪ್ರಶ್ನೆ: ಹೀಗೆ ತನ್ನ ಊರಿಗೆ ಹೋಲಿಸಿ ನಮ್ಮ ನಾಡನ್ನು ಬಣ್ಣಿಸಿದವರು?

ಉತ್ತರ: ಅಬ್ದುಲ್ ರಜಾಕ್. ಹೆರಾತಿನಿಂದ (ಇಂದಿನ ಅಫ್ಘಾನಿಸ್ತಾನದ ಊರು) ಶಾರುಖ್ ದೊರೆಯ ರಾಯಭಾರಿಯಾಗಿ ಬಂದು, 1443ರಲ್ಲಿ ವಿಜಯನಗರದಲ್ಲಿ ಎರಡನೇ ದೇವರಾಯನನ್ನು ಕಂಡವನು. ದಿನದ ಆತಿಥ್ಯವನ್ನೂ ಬರೆದಿಟ್ಟಿದ್ದಾನೆ: ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದೊಂದು ಮಣ ಬೆಣ್ಣೆ ಮತ್ತು ಸಕ್ಕರೆ, ಎರಡು ವರಹ. ಅವನ ಮಣವನ್ನು ನಮ್ಮ ಮಣವೆಂದು ಲೆಕ್ಕ ಹಾಕಬೇಡಿ, ಊರಿಗೊಂದು ಮಣವಿದ್ದ ಕಾಲ ಅದು. ಏಳು ಸುತ್ತಿನ ಕೋಟೆಯ ಅಗಲವನ್ನು ತನ್ನ ಓದುಗರಿಗೆ ತಿಳಿಸಲು ಅವನು ಹೆರಾತಿನ ಗುಡ್ಡಗಳನ್ನೂ ಮಾಲಾನ್ ಸೇತುವೆಯನ್ನೂ ಅಳತೆಗೋಲು ಮಾಡಿಕೊಳ್ಳುತ್ತಾನೆ. ಹಂಪಿಯ ನಕ್ಷೆಯೊಂದನ್ನೇ ಇಟ್ಟುಕೊಂಡರೆ ಆ ಭಾಗ ಅರ್ಥವಾಗುವುದಿಲ್ಲ, ಪಕ್ಕದಲ್ಲಿ ಹೆರಾತಿನದೂ ಇರಲಿ.