ಆ ಒಂದು ಸಾಲು ಬರೆಯಬೇಕಿತ್ತು

ಹಾಸನ ಜಿಲ್ಲೆಯ ಅರಸೀಕೆರೆ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ಬರೆದ ಪತ್ರದ ಮುಖ್ಯ ಭಾಗ ಇದು. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ.

"2021ರ ಜೂನ್ ಸಂಚಿಕೆಯಲ್ಲಿ 'ಲಸಿಕೆಯಿಂದ ಯಾವ ತೊಂದರೆಯೂ ಇಲ್ಲ, ಧೈರ್ಯವಾಗಿ ಹಾಕಿಸಿಕೊಳ್ಳಿ' ಎಂದು ಬರೆದಿದ್ದಿರಿ. ಅದನ್ನು ಓದಿ ನನ್ನ ತಮ್ಮನನ್ನು ನಾನೇ ಬಲವಂತ ಮಾಡಿ ಕರ್ಕೊಂಡು ಹೋಗಿ ಎರಡು ಡೋಸ್ ಕೋವಿಶೀಲ್ಡ್ ಹಾಕಿಸಿದೆ. 2024ರ ಡಿಸೆಂಬರ್‌ನಲ್ಲಿ 44ನೇ ವಯಸ್ಸಿಗೆ ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟ. ಅದೇ ವರ್ಷ ಕಂಪನಿಯೇ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡಿತು ಅಂತ ಟಿವಿಯಲ್ಲಿ ಬಂದಿತ್ತು. ಆಮೇಲೆ ನಮ್ಮ ಜಿಲ್ಲೆಯಲ್ಲಿ ಸಾಲು ಸಾವು. ಈಗ ಮೊಮ್ಮಗಳಿಗೆ ಒಂಬತ್ತು ತಿಂಗಳು ತುಂಬಿದೆ. ದಡಾರದ ಇಂಜೆಕ್ಷನ್ ಬೇಡವೇ ಬೇಡ ಅಂತ ಅಳಿಯ ಕೂತಿದ್ದಾನೆ. ಅವನಿಗೆ ಏನು ಹೇಳಲಿ? ನೀವು ಅಂದು ಬರೆದದ್ದು ಸುಳ್ಳಾ?"

ಅಮ್ಮ,

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಆ ಸಂಚಿಕೆಯನ್ನು ಕಪಾಟಿನಿಂದ ತೆಗೆದು ಮತ್ತೆ ಓದಿದೆ. ಲಸಿಕೆ ಹಾಕಿಸಿಕೊಳ್ಳಿ ಎಂದದ್ದು ಸರಿ, ಇವತ್ತೂ ಅದನ್ನೇ ಹೇಳುತ್ತೇನೆ. ಆದರೆ 'ಯಾವ ತೊಂದರೆಯೂ ಇಲ್ಲ' ಎಂಬ ಸಾಲು ತಪ್ಪು. ಗೊತ್ತಿಲ್ಲದೆ ಆದ ತಪ್ಪೂ ಅಲ್ಲ ಅದು. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2021ರ ಏಪ್ರಿಲ್ 7ರಂದೇ ಹೇಳಿತ್ತು: ಆಸ್ಟ್ರಾಜೆನೆಕಾ ಲಸಿಕೆ, ಅಂದರೆ ನಮ್ಮಲ್ಲಿ ಕೋವಿಶೀಲ್ಡ್, ಬಹಳ ಅಪರೂಪಕ್ಕೆ ಕೆಲವರಲ್ಲಿ ರಕ್ತ ಹೆಪ್ಪುಗಟ್ಟಿಸಬಹುದು, ಜೊತೆಗೆ ಪ್ಲೇಟ್‌ಲೆಟ್ ಇಳಿಯಬಹುದು ಎಂದು. ಮೇ 17ರಂದು ನಮ್ಮ ಕೇಂದ್ರ ಸರ್ಕಾರದ ಸಮಿತಿಯೂ ಲೆಕ್ಕ ಕೊಟ್ಟಿತ್ತು. ಅದು ಪರಿಶೀಲಿಸಿದ 498 ಗಂಭೀರ ಪ್ರಕರಣಗಳಲ್ಲಿ 26 ಇಂಥವಿರಬಹುದು ಎಂದಿತ್ತು. 10 ಲಕ್ಷ ಡೋಸಿಗೆ 0.61.

ನಮ್ಮ ಲೇಖನ ಬಂದದ್ದು ಇದೆಲ್ಲ ಆದ ಮೇಲೆ. ಆಗ ಎರಡನೇ ಅಲೆ. ಆಸ್ಪತ್ರೆಯಲ್ಲಿ ಬೆಡ್ ಇಲ್ಲ, ಆಕ್ಸಿಜನ್ ಇಲ್ಲ. ಇಂಥ ಹೊತ್ತಲ್ಲಿ ರಕ್ತ ಹೆಪ್ಪುಗಟ್ಟುವ ಮಾತೆತ್ತಿದರೆ ಜನ ಲಸಿಕೆ ಕೇಂದ್ರದ ಕಡೆ ತಲೆ ಹಾಕುವುದಿಲ್ಲ ಎಂದು ನಮಗೆ ಭಯವಾಯಿತು. ಹಾಗಾಗಿ ಆ ಒಂದು ಸಾಲು ಬರೆಯಲಿಲ್ಲ. ಪೂರ್ತಿ ವಿಷಯ ಹೇಳಿದರೆ ತಡೆದುಕೊಳ್ಳುವ ಶಕ್ತಿ ನಿಮಗಿಲ್ಲ ಎಂದು ನಾವೇ ತೀರ್ಮಾನ ಮಾಡಿಬಿಟ್ಟೆವು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು ನೀವು. ಕ್ಷಮಿಸಿ.

ಅದರ ಫಲ 2024ರಲ್ಲಿ ಸಿಕ್ಕಿತು. ಬ್ರಿಟನ್ನಿನ ಕೋರ್ಟಿಗೆ ಕಂಪನಿ ಕೊಟ್ಟ ಒಂದು ದಾಖಲೆಯಲ್ಲಿ 'ಬಹಳ ಅಪರೂಪಕ್ಕೆ ಹೀಗಾಗಬಹುದು' ಎಂಬ ಮಾತಿತ್ತು. ಮೂರು ವರ್ಷದಿಂದ ಲಸಿಕೆಯ ಮಾಹಿತಿ ಪತ್ರದಲ್ಲೇ ಅಚ್ಚಾಗಿದ್ದ ವಿಷಯ ಅದು. ಆದರೆ ನಿಮ್ಮ ಕಿವಿಗೆ ಅದು ಬಿದ್ದದ್ದು ಅವತ್ತೇ ಮೊದಲು. ಅದೂ 'ಒಪ್ಪಿಕೊಂಡ ಕಂಪನಿ' ಎಂಬ ಕೆಂಪು ಅಕ್ಷರದಲ್ಲಿ. ಬಚ್ಚಿಟ್ಟಿದ್ದರು, ಈಗ ಸಿಕ್ಕಿಬಿದ್ದರು ಎಂದು ಯಾರಿಗೇ ಆದರೂ ಅನ್ನಿಸುತ್ತದೆ. ನಾವು 2021ರಲ್ಲೇ ಬರೆದಿದ್ದರೆ 'ಓ, ಇದಾ, ಆಗಲೇ ಓದಿದ್ದೆ' ಎಂದು ನೀವು ಟಿವಿ ಆರಿಸುತ್ತಿದ್ದಿರಿ.

ಆ 0.61ರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಬ್ರಿಟನ್ನಿನಲ್ಲಿ ಇದೇ ತೊಂದರೆಯ ಲೆಕ್ಕ 10 ಲಕ್ಷ ಮೊದಲ ಡೋಸಿಗೆ ಸುಮಾರು 15. ಎರಡು ದೇಶಗಳ ಅಂಕಿ ಇಷ್ಟು ದೂರ ಇದ್ದಾಗ, ನಮ್ಮ ಹಳ್ಳಿಗಳಲ್ಲಿ ಆದದ್ದೆಲ್ಲ ವರದಿಯಾಯಿತಾ ಎಂದು ಕೇಳುವುದು ನ್ಯಾಯ. ಅಲ್ಲಿನ ಲೆಕ್ಕವನ್ನೇ ಹಿಡಿದರೂ 1 ಲಕ್ಷ ಜನರಲ್ಲಿ ಒಬ್ಬರೋ ಇಬ್ಬರೋ. ಕಡಿಮೆಯೇ. ಆದರೆ ಆ ಒಬ್ಬರಿಗೂ ಮನೆ ಮಕ್ಕಳು ಇರುತ್ತಾರಲ್ಲ. ಬ್ರಿಟನ್ನಿನವರು ಮೊದಲು 30 ವರ್ಷದ ಒಳಗಿನವರಿಗೆ, ಆಮೇಲೆ 40ರ ಒಳಗಿನವರಿಗೆ ಬೇರೆ ಲಸಿಕೆ ಕೊಡುವುದು ಒಳ್ಳೆಯದು ಎಂದರು. ಹಾಗೆ ಬದಲಿಸಿದಾಗ ಕಾರಣವನ್ನೂ ಜನರ ಮುಂದೆ ಇಟ್ಟರು.

ಈಗ ನಿಮ್ಮ ತಮ್ಮನ ವಿಷಯ. ಇದನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ. ಆದರೂ ಗೊತ್ತಿರುವುದನ್ನು ಪೂರ್ತಿ ಹೇಳುತ್ತೇನೆ.

ಕೋರ್ಟಿನಲ್ಲಿ ಹೇಳಿದ ಆ ತೊಂದರೆ ಬರುವುದಿದ್ದರೆ ಲಸಿಕೆ ಹಾಕಿಸಿಕೊಂಡ ಮೊದಲ ನಾಲ್ಕರಿಂದ ಆರು ವಾರದೊಳಗೆ ಬರುತ್ತದೆ. ಹೆಚ್ಚಾಗಿ ಮಿದುಳಿನ ಅಥವಾ ಹೊಟ್ಟೆಯ ರಕ್ತನಾಳಗಳಲ್ಲಿ. ಜೋರು ತಲೆನೋವು, ಕಣ್ಣು ಮಂಜು, ಉಸಿರಾಟದ ತೊಂದರೆ, ಬಿಡದ ಹೊಟ್ಟೆನೋವು ಅದರ ಗುರುತು. ನಿಮ್ಮ ತಮ್ಮ ಹೋದದ್ದು ಮೂರು ವರ್ಷ ಕಳೆದ ಮೇಲೆ, ಹೃದಯಾಘಾತದಿಂದ. ಅದು ಇದಲ್ಲ. ವಾಟ್ಸಾಪ್‌ನಲ್ಲಿ ಓಡಾಡುವ ಇನ್ನೊಂದು ವಿಷಯ ಲಸಿಕೆಯಿಂದ ಹೃದಯದ ಸ್ನಾಯು ಊದಿಕೊಳ್ಳುತ್ತದೆ ಎನ್ನುವುದು. ಅದು ಮುಖ್ಯವಾಗಿ ಫೈಜರ್, ಮಾಡರ್ನಾ ಲಸಿಕೆಗಳಲ್ಲಿ ಕಂಡದ್ದು, ಅದೂ ಹಾಕಿಸಿಕೊಂಡ ಕೆಲವು ದಿನಗಳಲ್ಲಿ. ನಮ್ಮ ಊರುಗಳಲ್ಲಿ ಆ ಲಸಿಕೆಗಳನ್ನು ಕೊಡಲೇ ಇಲ್ಲ.

ಹಾಗಾದರೆ ಹಾಸನದಲ್ಲಿ ಆದದ್ದೇನು? 2025ರ ಮೇ, ಜೂನ್‌ನಲ್ಲಿ ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಜಾಸ್ತಿ ಜನ ಹೃದಯಾಘಾತದಿಂದ ಹೋದರು ಎಂದು ಸುದ್ದಿಯಾಯಿತು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವಕ್ಕೇ ಸಾಲು ನಿಂತಿತು. ಲಸಿಕೆಗೆ ಆತುರದಲ್ಲಿ ಅನುಮತಿ ಕೊಟ್ಟದ್ದೂ ಕಾರಣವಿರಬಹುದು ಎಂಬ ಅರ್ಥದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಬರೆದರು. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯ ಹಾಗೇನೂ ಇಲ್ಲ ಎಂದಿತು. ರಾಜ್ಯ ಒಂದು ಹೇಳಿತು, ಕೇಂದ್ರ ಇನ್ನೊಂದು ಹೇಳಿತು. ಯಾರ ಮಾತು ನಂಬಬೇಕು ಎಂದು ಜನರಿಗೆ ತಿಳಿಯಲಿಲ್ಲ. ಆಮೇಲೆ ಜಯದೇವ ಸಂಸ್ಥೆಗೆ ಆಗ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಅದರಲ್ಲಿ 4 ಹೃದಯದ ಸಾವುಗಳೇ ಅಲ್ಲ. ಕೋವಿಡ್ ಲಸಿಕೆಯೊಂದಿಗೆ ನಂಟು ಕಾಣಲಿಲ್ಲ ಎಂದೂ ಸಮಿತಿ ಹೇಳಿತು.

ನನ್ನ ಜೊತೆ ಒಂದು ಲೆಕ್ಕ ಮಾಡಿ ನೋಡಿ. 2011ರ ಜನಗಣತಿಯಲ್ಲಿ ಹಾಸನ ಜಿಲ್ಲೆಯ ಜನಸಂಖ್ಯೆ ಸುಮಾರು 17.8 ಲಕ್ಷ. ಸಾವಿರ ಜನರಲ್ಲಿ ವರ್ಷಕ್ಕೆ ಆರೇಳು ಜನ ಸಾಯುತ್ತಾರೆ ಎಂದಿಟ್ಟುಕೊಂಡರೆ ಇಡೀ ಜಿಲ್ಲೆಯಲ್ಲಿ ದಿನಕ್ಕೆ ಸುಮಾರು 30 ಸಾವು. ನಮ್ಮ ದೇಶದಲ್ಲಿ ನಾಲ್ಕರಲ್ಲಿ ಒಂದು ಸಾವು ಹೃದಯ, ರಕ್ತನಾಳಗಳ ಕಾಯಿಲೆಯಿಂದ. ಅಂದರೆ ದಿನಕ್ಕೆ ಏಳು. ನಲವತ್ತು ದಿನಕ್ಕೆ ಸುಮಾರು 280. ಯಾವ ಲಸಿಕೆಯೂ ಇಲ್ಲದಿದ್ದರೂ, ಯಾವ ಟಿವಿಯೂ ಎಣಿಸದಿದ್ದರೂ ಇಷ್ಟು ಮನೆಗಳಲ್ಲಿ ಸಾವಾಗುತ್ತಿತ್ತು. ಇವರಲ್ಲಿ ವಯಸ್ಸಾದವರೇ ಜಾಸ್ತಿ, ನಿಜ. ಆದರೆ ನಲವತ್ತು ದಾಟದವರೂ ಇರುತ್ತಾರೆ, ಮೊದಲೂ ಇದ್ದರು. ಜೊತೆಗೆ 2025ರ ಹೊತ್ತಿಗೆ ನಮ್ಮಲ್ಲಿ ದೊಡ್ಡವರೆಲ್ಲ ಹೆಚ್ಚುಕಡಿಮೆ ಲಸಿಕೆ ಹಾಕಿಸಿಕೊಂಡವರೇ. ಹಾಗಾಗಿ ಯಾರು ಯಾವ ಕಾರಣಕ್ಕೆ ಸತ್ತರೂ 'ಲಸಿಕೆ ಹಾಕಿಸಿಕೊಂಡಿದ್ದರು' ಎಂದು ಹೇಳಬಹುದು.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತೇವಲ್ಲ, ಅದು ಇದೇ. ಆದರೆ ಆ ಗಾದೆಯನ್ನು ಸಾವಿನ ಮನೆಯಲ್ಲಿ ಹೇಳಲಾಗುವುದಿಲ್ಲ. ವಿಜ್ಞಾನವನ್ನು ಜನರಿಗೆ ಹೇಳುವುದರಲ್ಲಿ ನನಗೆ ಇದೇ ಎಲ್ಲಕ್ಕಿಂತ ಕಷ್ಟ ಅನ್ನಿಸುತ್ತದೆ. ನೀವು ಕೇಳುವುದು ಒಬ್ಬ ತಮ್ಮನ ಬಗ್ಗೆ. ವಿಜ್ಞಾನ ಉತ್ತರ ಕೊಡುವುದು ಸಾವಿರಾರು ಜನರ ಬಗ್ಗೆ.

ಆ ಸಾವಿರಾರು ಜನರ ಉತ್ತರ ಸಿಕ್ಕಿದ್ದು ಹೇಗೆ ಎಂದು ಹೇಳುತ್ತೇನೆ. 'ನಂಟು ಕಾಣಲಿಲ್ಲ' ಎಂದಷ್ಟೇ ಹೇಳಿದರೆ ಜಾರಿಕೊಂಡ ಹಾಗೆ ಕೇಳುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 47 ಆಸ್ಪತ್ರೆಗಳಲ್ಲಿ ಈ ಅಧ್ಯಯನ ಮಾಡಿತು. 18ರಿಂದ 45 ವರ್ಷದವರು, ಚೆನ್ನಾಗಿದ್ದವರು, 2021ರ ಅಕ್ಟೋಬರ್‌ನಿಂದ 2023ರ ಮಾರ್ಚ್‌ವರೆಗೆ ಇದ್ದಕ್ಕಿದ್ದಂತೆ ಸತ್ತವರು, ಅಂಥ 729 ಜನರ ವಿವರ ತೆಗೆದುಕೊಂಡರು. ಪ್ರತಿಯೊಬ್ಬರಿಗೂ ಅದೇ ವಯಸ್ಸಿನ, ಅದೇ ಬೀದಿಯ ಕಡೆಯ, ಬದುಕಿರುವ ನಾಲ್ವರನ್ನು ಹುಡುಕಿದರು. ಒಟ್ಟು 2,916. ಸತ್ತವರ ಮನೆಯವರಿಗೂ ಇವರಿಗೂ ಅದೇ ಪ್ರಶ್ನೆಗಳು. ಸಾವಿಗೆ ಲಸಿಕೆ ಕಾರಣವಾಗಿದ್ದರೆ ಸತ್ತವರ ಗುಂಪಿನಲ್ಲಿ ಲಸಿಕೆ ಹಾಕಿಸಿಕೊಂಡವರು ಜಾಸ್ತಿ ಇರಬೇಕಿತ್ತು, ಅಲ್ವಾ? ಇರಲಿಲ್ಲ. ಎರಡು ಡೋಸ್ ಆದವರಲ್ಲಿ ಇಂಥ ಸಾವಿನ ಸಾಧ್ಯತೆ ಕಡಿಮೆಯೇ ಇತ್ತು. ಜಾಸ್ತಿ ಕಂಡದ್ದು ಕೋವಿಡ್ ಬಂದು ಆಸ್ಪತ್ರೆಗೆ ಸೇರಿದ್ದವರಲ್ಲಿ, ಮನೆಯಲ್ಲಿ ಮೊದಲೇ ಹಠಾತ್ ಸಾವು ಆಗಿದ್ದವರಲ್ಲಿ, ಸಾಯುವ ಹಿಂದಿನ ಎರಡು ದಿನಗಳಲ್ಲಿ ತುಂಬಾ ಕುಡಿದಿದ್ದವರಲ್ಲಿ ಅಥವಾ ಮೈ ಮೀರಿ ಶ್ರಮ ಪಟ್ಟಿದ್ದವರಲ್ಲಿ. ಬಹಳಷ್ಟು ವಿವರ ಮನೆಯವರ ನೆನಪಿನಿಂದ ಬಂದದ್ದು, ಅದು ಈ ಅಧ್ಯಯನದ ಮಿತಿ. ಆದರೂ ಒಬ್ಬೊಬ್ಬರ ಊಹೆಗಿಂತ ಇದು ಎಷ್ಟೋ ಗಟ್ಟಿ.

ನೀವು ತಮ್ಮನ ಕೈ ಹಿಡಿದು ಕರೆದುಕೊಂಡು ಹೋದದ್ದು ಅವನನ್ನು ಉಳಿಸಿಕೊಳ್ಳಲಿಕ್ಕೆ. ಅವನ ಸಾವನ್ನು ನಿಮ್ಮ ತಲೆ ಮೇಲೆ ಹೊತ್ತುಕೊಳ್ಳಲು ನನಗೆ ಒಂದು ಕಾರಣವೂ ಕಾಣುತ್ತಿಲ್ಲ.

ಇನ್ನು ಮೊಮ್ಮಗಳು. ಅಳಿಯನಿಗೆ ಬೈಯಬೇಡಿ, 'ಏನೂ ಆಗಲ್ಲ' ಅಂತಲೂ ಹೇಳಬೇಡಿ. ಆಗುವುದನ್ನು ಆಗುತ್ತದೆ ಎಂದೇ ಹೇಳಿ. ದಡಾರ-ರುಬೆಲ್ಲಾ ಲಸಿಕೆ ಹಾಕಿದ ದಿನ ಕೈ ಸ್ವಲ್ಪ ನೋಯುತ್ತದೆ. ಏಳರಿಂದ ಹನ್ನೆರಡು ದಿನಗಳ ನಡುವೆ ನೂರರಲ್ಲಿ ಐದರಿಂದ ಹದಿನೈದು ಮಕ್ಕಳಿಗೆ ಜ್ವರ ಬರುತ್ತದೆ, ಕೆಲವರಿಗೆ ಮೈಮೇಲೆ ಸಣ್ಣ ಗುಳ್ಳೆ. ಮೂರು ನಾಲ್ಕು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಜ್ವರದ ಜೊತೆ ಫಿಟ್ಸ್ ಬರಬಹುದು. ನೋಡುವವರಿಗೆ ಎದೆ ಒಡೆದುಹೋಗುತ್ತದೆ, ಆದರೆ ಸಾಮಾನ್ಯವಾಗಿ ಮಗುವಿಗೆ ಅದರಿಂದ ಮುಂದೆ ತೊಂದರೆ ಉಳಿಯುವುದಿಲ್ಲ. ತೀವ್ರ ಅಲರ್ಜಿ 10 ಲಕ್ಷ ಡೋಸಿಗೆ ಬೆರಳೆಣಿಕೆಯಷ್ಟು. ಅದು ಬರುವುದು ಹೆಚ್ಚಾಗಿ ಕೆಲವೇ ನಿಮಿಷಗಳಲ್ಲಿ. ಅರ್ಧ ಗಂಟೆ ಅಲ್ಲೇ ಕೂತಿರಿ ಎಂದು ಹೇಳುವುದು ಸುಮ್ನೆ ಅಲ್ಲ.

ಇನ್ನೊಂದು ಕಡೆ ದಡಾರ. ಮನೆಯಲ್ಲಿ ಒಂದು ಮಗುವಿಗೆ ಬಂದರೆ ಲಸಿಕೆ ಇಲ್ಲದ ಮಕ್ಕಳು ತಪ್ಪಿಸಿಕೊಳ್ಳುವುದೇ ಕಷ್ಟ. ಇಪ್ಪತ್ತು ಮಕ್ಕಳಲ್ಲಿ ಒಂದಕ್ಕೆ ನ್ಯುಮೋನಿಯಾ, ಸಾವಿರದಲ್ಲಿ ಒಂದಕ್ಕೆ ಮಿದುಳಿನ ಊತ. ಈ ಎರಡೂ ಲೆಕ್ಕವನ್ನು ಅಳಿಯನ ಮುಂದೆ ಪಕ್ಕಪಕ್ಕದಲ್ಲಿ ಇಡಿ. ದಡಾರದ ಲಸಿಕೆ ನಮ್ಮ ದೇಶದ ಕಾರ್ಯಕ್ರಮದಲ್ಲಿ 1985ರಿಂದ ಇದೆ. ಅಳಿಯನಿಗೂ ಅವನ ತಾಯಿ ಹಾಕಿಸಿರಬಹುದು, ಕೇಳಿ ನೋಡಲಿ.

ನಾನು ಇದನ್ನು ಕಲಿತದ್ದು ದೊಡ್ಡ ಪುಸ್ತಕದಿಂದಲ್ಲ. ಗುರುವಾರ ಅಂಗನವಾಡಿಯಲ್ಲಿ ಕೂತು ಸಿಸ್ಟರ್ ಲಸಿಕೆ ಹಾಕುವುದನ್ನು ನೋಡಿ. ಯಾವ ಲಸಿಕೆ, ಏನೇನು ಆಗಬಹುದು ಮತ್ತು ಆದರೆ ಏನು ಮಾಡಬೇಕು, ಮುಂದಿನದು ಯಾವಾಗ, ಕಾರ್ಡ್ ಜೋಪಾನ. ಈ ನಾಲ್ಕು ಮಾತು ಪ್ರತಿ ತಾಯಿಗೂ ಹೇಳಬೇಕು ಎಂದು ಅವರ ತರಬೇತಿಯಲ್ಲೇ ಇದೆ. 'ರಾತ್ರಿ ಜ್ವರ ಬರುತ್ತೆ ಕಣಮ್ಮ, ಈ ಔಷಧಿ ಇಷ್ಟು ಕೊಡು' ಎಂದು ಕಳಿಸಿದ ತಾಯಿ, ಜ್ವರ ಬಂದಾಗ ಗಾಬರಿಯಾಗುವುದಿಲ್ಲ. ಹೇಳಿದ ಹಾಗೇ ಆಯಿತು ಎಂದು ಮುಂದಿನ ಸಲ ಮತ್ತೆ ಬರುತ್ತಾಳೆ. ಏನೂ ಹೇಳದೆ ಕಳಿಸಿದ ತಾಯಿ ಅದೇ ಜ್ವರಕ್ಕೆ ಊರೆಲ್ಲ ಹೇಳಿಕೊಂಡು ಬರುತ್ತಾಳೆ, ಮತ್ತೆ ಕಾಣಿಸಿಕೊಳ್ಳುವುದಿಲ್ಲ. 2021ರಲ್ಲಿ ಇಡೀ ದೇಶ ಈ ಎರಡನೇ ತಾಯಿಯ ಜಾಗದಲ್ಲಿತ್ತು.

ನಿಮ್ಮ ವಯಸ್ಸಿನವರಿಗೆ ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಕೊಡುತ್ತಿದ್ದ ಹದಿನಾಲ್ಕು ಇಂಜೆಕ್ಷನ್ ನೆನಪಿರುತ್ತದೆ. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಲಸಿಕೆ ಅದು. ಕೆಲವರಿಗೆ ಅದರಿಂದ ನರಗಳ ತೊಂದರೆ ಆಗುತ್ತಿತ್ತು. ಅದನ್ನು ಕಂಡು ಬರೆದಿಟ್ಟವರು ವೈದ್ಯರೇ. ಅದಕ್ಕಿಂತ ಒಳ್ಳೆಯದು ಬಂದ ಮೇಲೆ ಹಳೆಯದನ್ನು ಕೈಬಿಟ್ಟರು. ಲಸಿಕೆಯ ತಪ್ಪನ್ನು ಹುಡುಕುವ ಕೆಲಸ ಲಸಿಕೆ ಮಾಡುವವರ ಮನೆಯೊಳಗೇ ನಡೆಯುತ್ತದೆ ಎನ್ನುವುದನ್ನು ಅಳಿಯನಿಗೆ ಇದರಿಂದ ಹೇಳಬಹುದು.

2021ರ ಆ ಸಾಲಿಗೆ ತಿದ್ದುಪಡಿಯನ್ನು ಈ ಸಂಚಿಕೆಯಲ್ಲಿ ಹಾಕಿದ್ದೇವೆ, ಒಳಗಿನ ಮೂಲೆಯಲ್ಲಿ ಅಲ್ಲ, ಮೊದಲ ಪುಟದಲ್ಲಿ.

ಒಂದು ಮಾತು ಬಿಟ್ಟೆ. 44ಕ್ಕೇ ಹೃದಯಾಘಾತ ಆದ ಮನೆಯಲ್ಲಿ ಉಳಿದವರೂ ಹುಷಾರಾಗಿರಬೇಕು. ತಮ್ಮನ ಮಕ್ಕಳು ದೊಡ್ಡವರಾಗಿದ್ದರೆ ಅವರಿಗೂ, ನಿಮಗೂ ಬಿಪಿ, ಶುಗರ್, ಕೊಲೆಸ್ಟ್ರಾಲ್, ಇಸಿಜಿ ಒಮ್ಮೆ ಮಾಡಿಸಿ. 'ಮನೆಯಲ್ಲಿ ಹೀಗಾಗಿದೆ' ಎಂದು ಡಾಕ್ಟರಿಗೆ ಬಾಯಿ ಬಿಟ್ಟು ಹೇಳಿ. ಮೊಮ್ಮಗಳನ್ನು ಅಂಗನವಾಡಿಗೆ ಕರೆದುಕೊಂಡು ಹೋಗುವ ಗುರುವಾರ ಅಳಿಯನೂ ಜೊತೆಗಿರಲಿ. ಅವನ ಪ್ರಶ್ನೆಗಳನ್ನೆಲ್ಲ ಸಿಸ್ಟರನ್ನೇ ಕೇಳಲಿ.

— ಸಂಪಾದಕ